ಗೋಡೆಯಾಚೆಯ ಹೆಣ್ಣಿಗೊಂದು ಕಾಗದ



ಹೋದ ತಿಂಗಳು ನಮ್ಮೂರಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಾನೊಂದು ಮಾತು ಮುಂದಿಟ್ಟೆ. ಜೈಲಿನಲ್ಲಿರುವ, ಯಾರೂ ನೋಡಲು ಬಾರದ ಹೆಂಗಸರಿಗೆ ನಮ್ಮ ಸಂಘದಿಂದ ತಿಂಗಳಿಗೊಂದು ಕಾಗದ ಬರೆಯೋಣವೇ ಎಂದು ಕೇಳಿದೆ. ಒಂದಿಬ್ಬರು ಆಗಲಿ ಎಂದರು. ಗೋಡೆಗೊರಗಿ ಕುಳಿತಿದ್ದ ಹಿರಿಯರೊಬ್ಬರು ಮಾತ್ರ, "ನನ್ನ ಮಗಳ ಮೇಲೆ ಸೀಮೆಎಣ್ಣೆ ಸುರಿದ ಅತ್ತೇನೂ ಜೈಲಲ್ಲೇ ಅವಳೆ. ಅವಳಿಗೂ ಬರೀತೀರಾ ಮೇಡಂ?" ಎಂದರು. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನ ಜೊತೆಗೇ ಇದೆ.

ಜೈಲಿನ ಹೆಂಗಸರ ವಿಭಾಗದಲ್ಲಿ ಇರುವವರು ಯಾರು? ವರದಕ್ಷಿಣೆ ಸಾವಿನ ಕೇಸಿನ ಅತ್ತೆ, ನಾದಿನಿಯರು ಇದ್ದಾರೆ, ನಿಜ. ವರ್ಷಗಟ್ಟಲೆ ಹೊಡೆತ ತಿಂದು ಒಂದು ದಿನ ತಿರುಗಿ ಹೊಡೆದವಳೂ ಅಲ್ಲಿರುತ್ತಾಳೆ. ಗಂಡನ ಅಥವಾ ಮಗನ ತಪ್ಪಿಗೆ ಜೊತೆಯಾಗಿ ಸಿಕ್ಕಿಬಿದ್ದವಳು ಇರುತ್ತಾಳೆ. ಜಾಮೀನು ಸಿಕ್ಕರೂ ಹೊಣೆ ನಿಲ್ಲುವವರಿಲ್ಲದೆ ಉಳಿದವಳು ಇರುತ್ತಾಳೆ. 2022ರ ಸರ್ಕಾರಿ ಅಂಕಿಅಂಶದಂತೆ ನಮ್ಮ ದೇಶದ ಕೈದಿಗಳಲ್ಲಿ ನೂರಕ್ಕೆ ಸುಮಾರು 4 ಮಂದಿ ಮಾತ್ರ ಹೆಂಗಸರು. ಒಟ್ಟು ಕೈದಿಗಳಲ್ಲಿ ಮುಕ್ಕಾಲು ಪಾಲು ಇನ್ನೂ ವಿಚಾರಣೆಯಲ್ಲಿರುವವರು, ಅಂದರೆ ಅಪರಾಧ ಸಾಬೀತಾಗದವರು.

ಗಂಡಸು ಜೈಲಿಗೆ ಹೋದರೆ ಹೆಂಡತಿ ಒಡವೆ ಅಡವಿಟ್ಟು ವಕೀಲರನ್ನು ಹುಡುಕುತ್ತಾಳೆ. ಕಂಕುಳಲ್ಲಿ ಮಗು ಎತ್ತಿಕೊಂಡು ಭೇಟಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಹೆಂಗಸು ಜೈಲಿಗೆ ಹೋದರೆ? ಗಂಡನ ಮನೆಯ ಬಾಗಿಲು ಮುಚ್ಚುತ್ತದೆ. ತಂಗಿಯ ಮದುವೆ ನಿಂತುಹೋದೀತೆಂದು ತವರಿನವರೂ ಅವಳ ಹೆಸರೆತ್ತುವುದಿಲ್ಲ. ಅವನಿಗೆ ಬಂದದ್ದು ಕಷ್ಟಕಾಲ, ಅವಳಿಗೆ ಅಂಟಿದ್ದು ಕಳಂಕ! ಈಗ ಜೈಲಿನಲ್ಲಿ ಫೋನ್ ಸೌಕರ್ಯ ಬಂದಿದೆ, ಸರಿ. ಆದರೆ ಈ ಕಡೆ ಎತ್ತುವವರು ಯಾರಾದರೂ ಬೇಕಲ್ಲವೇ? 2006ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಮಕ್ಕಳು ಆರು ವರ್ಷದವರೆಗೆ ತಾಯಿಯ ಜೊತೆ ಜೈಲಿನಲ್ಲಿ ಇರಬಹುದು. ಆಮೇಲೆ ಮಗುವನ್ನು ಹೊರಗೆ ಕಳಿಸಬೇಕು. ಆ ಮಗು ಶಾಲೆಗೆ ಹೋಗುತ್ತಿದೆಯೇ ಎಂದು ತಾಯಿಗೆ ಹೇಳುವವರು ಯಾರು?

ಕಾಲೇಜಿನಿಂದ ನಿವೃತ್ತಳಾದ ಮೇಲೆ ನಾನು ಇಂಥ ಒಬ್ಬಳಿಗೆ ಕಾಗದ ಬರೆಯುತ್ತಾ ಬಂದಿದ್ದೇನೆ. ಗಂಡನ ಸಾವಿನ ಕೇಸಿನಲ್ಲಿ ಅವಳಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಏನು ನಡೆಯಿತು ಎಂದು ನಾನು ಕೇಳಲಿಲ್ಲ. ಅವಳ ಮೊದಲ ಉತ್ತರದಲ್ಲಿ ಇದ್ದದ್ದು ಒಂದೇ ಸಾಲು: "ನಿಮ್ಮ ಕಡೆ ಮಳೆ ಆಯ್ತಾ?" ಅವಳಿಗೆ ಓದು ಬರಹ ಬಾರದು. ಬರೆದುಕೊಟ್ಟವಳು ಪಕ್ಕದ ಕೈದಿ, ನನ್ನ ಕಾಗದ ಓದಿ ಹೇಳುವವಳೂ ಅವಳೇ. ಓದುವಾಗ ಉಳಿದವರೂ ಸುತ್ತ ಕೂರುತ್ತಾರಂತೆ. ಒಮ್ಮೆ ಕಾಗದದ ಕೆಳಗೆ ಬೇರೊಂದು ಕೈಬರಹದಲ್ಲಿ "ನಮಗೂ ಬರೀರಿ ಅಮ್ಮ" ಎಂದಿತ್ತು.

ನನ್ನಿಂದ ಒಂದು ತಪ್ಪೂ ಆಯಿತು. ಕಣ್ಣಿನ ಆಪರೇಷನ್ ಆದಾಗ ಮೂರು ತಿಂಗಳು ಬರೆಯಲಿಲ್ಲ, ತಿಳಿಸಲೂ ಇಲ್ಲ. ಮತ್ತೆ ಬರೆದಾಗ ಬಂದ ಉತ್ತರ: "ನೀವೂ ಬಿಟ್ರಿ ಅಂದ್ಕೊಂಡೆ." ಆ ಮಾತು ನನ್ನನ್ನು ಚುಚ್ಚಿತು. ನಡುವೆ ನಿಲ್ಲಿಸುವುದಾದರೆ ಶುರು ಮಾಡಲೇಬಾರದು. ಅದಕ್ಕೇ ಇದು ಒಬ್ಬರ ಕೆಲಸವಾಗದೆ ಸಂಘದ ಕೆಲಸವಾಗಬೇಕು ಎನ್ನುತ್ತೇನೆ. ಒಬ್ಬಳಿಗೆ ಆಗದಿದ್ದರೆ ಇನ್ನೊಬ್ಬಳು ಬರೆದಾಳು.

ಒಂದು ಕಾಗದದಿಂದ ಏನಾದೀತು ಎನ್ನಬೇಡಿ. ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ, ಇನ್ನೊಬ್ಬ ಕೈದಿಗೆ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದ. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ 1979ರಲ್ಲಿ ತೀರ್ಪು ಕೊಟ್ಟಿತು. ಪತ್ರಕರ್ತೆ ಶೀಲಾ ಬರ್ಸೆ ಮುಂಬಯಿಯ ಜೈಲಿನಲ್ಲಿ 15 ಹೆಂಗಸರನ್ನು ಮಾತನಾಡಿಸಿದರು. ಪೊಲೀಸ್ ಲಾಕಪ್ಪಿನಲ್ಲಿ ಹೊಡೆದರೆಂದು ಅವರಲ್ಲಿ ಐವರು ಹೇಳಿದರು. ಶೀಲಾ ಅದನ್ನು ಸುಪ್ರೀಂ ಕೋರ್ಟಿಗೆ ಪತ್ರದಲ್ಲಿ ತಿಳಿಸಿದರು. ಹೆಂಗಸರಿಗೆ ಬೇರೆ ಲಾಕಪ್ ಇರಬೇಕು, ಕಾವಲಿಗೆ ಮಹಿಳಾ ಪೊಲೀಸರಿರಬೇಕು ಎಂಬ 1983ರ ತೀರ್ಪು ಬಂದದ್ದು ಆ ಪತ್ರದಿಂದ. ಗೋಡೆಯೊಳಗಿನ ಮಾತನ್ನು ಹೊರಗೆ ಒಬ್ಬರು ಕೇಳಿಸಿಕೊಂಡರು, ಅಷ್ಟೇ.

ಹಾಗಾದರೆ ಶುರು ಮಾಡುವುದು ಹೇಗೆ? ಜೈಲಿನ ಸೂಪರಿಂಟೆಂಡೆಂಟರಿಗೆ ಸಂಘದ ಹೆಸರಿನಲ್ಲಿ ಅರ್ಜಿ ಕೊಟ್ಟು, ಕಾಗದ ಬೇಕೆನ್ನುವ ಹೆಂಗಸರಿದ್ದರೆ ತಿಳಿಸಲು ಕೇಳಿ, ಅಲ್ಲಿನ ನಿಯಮ ತಿಳಿದುಕೊಳ್ಳಿ. ನೀವು ಬರೆದದ್ದನ್ನೂ ಅವಳು ಬರೆದದ್ದನ್ನೂ ಅಧಿಕಾರಿಗಳು ತೆರೆದು ಓದುತ್ತಾರೆ. ಆದ್ದರಿಂದ ಕೇಸಿನ ವಿಷಯ ಬೇಡ. ಲಕೋಟೆಯಲ್ಲಿ ದುಡ್ಡಿಡಬೇಡಿ. ನಿಮ್ಮ ಮನೆಯ ವಿಳಾಸದ ಬದಲು ಸಂಘದ ವಿಳಾಸ ಕೊಡಿ. ಬಿಡಿಸಿಕೊಂಡು ಬರುತ್ತೇವೆಂದು ಆಸೆ ಹುಟ್ಟಿಸಬೇಡಿ. ಆದರೆ ಹೆಂಗಸರಿಗೂ ಬಂಧನದಲ್ಲಿರುವವರಿಗೂ 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಉಚಿತ ವಕೀಲರ ನೆರವು ಸಿಗುತ್ತದೆ ಎಂಬುದನ್ನು ತಪ್ಪದೆ ತಿಳಿಸಿ. ಉಳಿದಂತೆ ಮಳೆ, ಬೆಳೆ, ಜಾತ್ರೆ, ಸಂಘದಲ್ಲಿ ಆದ ಜಗಳ, ಯಾವುದನ್ನಾದರೂ ಬರೆಯಿರಿ. ಅಲ್ಲಿ ಎಲ್ಲವೂ ಸುದ್ದಿಯೇ.

ಇನ್ನು ಆ ತಾಯಿಯ ಪ್ರಶ್ನೆ. ಮಗಳನ್ನು ಸುಟ್ಟವಳಿಗೆ ಬರೆಯಿರಿ ಎಂದು ಅವರನ್ನು ಕೇಳುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಕಾಗದ ಬರೆಯುವುದೆಂದರೆ ಕ್ಷಮಿಸುವುದಲ್ಲ. ವರದಕ್ಷಿಣೆ ಸಾವಿಗೆ ಕಾನೂನು ಕನಿಷ್ಠ ಏಳು ವರ್ಷ ಜೈಲು ಎಂದು ಹೇಳುತ್ತದೆ. ಅದರಲ್ಲಿ ಒಂದು ದಿನವೂ ಕಡಿಮೆಯಾಗಲಿ ಎಂದು ನಾವು ಕೇಳುವುದಿಲ್ಲ. ನಮ್ಮ ಸಾಕ್ಷಿ ಎಂದೆಂದಿಗೂ ಸತ್ತ ಹುಡುಗಿಯ ಪರ. ನಮ್ಮ ಸಂಘದ ಯಾವ ಹೆಂಗಸಿಗಾದರೂ ಸಂಬಂಧಪಟ್ಟ ಕೇಸಿನ, ನಮ್ಮವರು ಯಾರಾದರೂ ಸಾಕ್ಷಿ ಹೇಳಬೇಕಾದ ಕೇಸಿನ ಆರೋಪಿಗೆ ನಾವು ಬರೆಯುವುದಿಲ್ಲ. ಇದು ನಮ್ಮ ಸಂಘದ ನಿಯಮವಾಗಲಿ. ಆದರೆ ಒಂದು ಅತ್ತೆಯ ಮೇಲಿನ ಸಿಟ್ಟಿಗೆ ಆ ಗೋಡೆಯೊಳಗಿನ ಎಲ್ಲ ಹೆಂಗಸರನ್ನೂ ಕೈಬಿಟ್ಟರೆ, ಹೊಡೆತ ತಿಂದು ಅಲ್ಲಿ ಸೇರಿದವಳನ್ನು ಎರಡನೆಯ ಸಲ ಕೈಬಿಟ್ಟಂತೆ. ಅವಳು ಹೊಡೆಸಿಕೊಳ್ಳುತ್ತಿದ್ದಾಗ ಪಕ್ಕದ ಮನೆಯಲ್ಲಿ ನಾವೇ ಇದ್ದೆವಲ್ಲವೇ?

ಮುಂದಿನ ಸಭೆಯಲ್ಲಿ ಇದನ್ನೇ ಹೇಳಿದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ನೀವು ಬರೀರಿ. ನನ್ನ ಕೈಲಾಗಲ್ಲ" ಎಂದರು. ಎದ್ದು ಹೋಗಲಿಲ್ಲ. ನಾವು ಬರೆಯುವುದು ಮುಗಿಯುವ ತನಕ ಅಲ್ಲೇ ಕುಳಿತಿದ್ದರು.

ನಿಮ್ಮ ಸಂಘದಲ್ಲೂ ಈ ಮಾತೆತ್ತಿ, ಗೆಳತಿಯರೇ. ಒಪ್ಪದವರ ಮಾತನ್ನೂ ಪೂರ್ತಿ ಕೇಳಿ. ಏನು ತೀರ್ಮಾನಿಸಿದಿರೆಂದು ನಮಗೂ ಒಂದು ಕಾಗದ ಬರೆಯಿರಿ.