ಭಾವಿ ವೈದ್ಯರ ಆರೋಗ್ಯ: ಉಪದೇಶ ಸಾಕು, ವೇಳಾಪಟ್ಟಿ ಬದಲಾಗಲಿ

ಕಲಬುರಗಿ: ರಾತ್ರಿ ಏಳೆಂಟು ಗಂಟೆ ನಿದ್ರೆ ಮಾಡಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಬೇಕು, ತಂಬಾಕಿನ ಸಹವಾಸ ಬೇಡ. ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಳ್ಳಿಯ ಮನೆಗಳಿಗೆ ಹೋಗಿ ಹೇಳಬೇಕಾದ ಮಾತುಗಳಿವು. 2022ರಲ್ಲಿ ಆರಂಭವಾದ ಕುಟುಂಬ ದತ್ತು ಕಾರ್ಯಕ್ರಮದ ಪ್ರಕಾರ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಕೆಲವು ಗ್ರಾಮೀಣ ಕುಟುಂಬಗಳ ಆರೋಗ್ಯದ ಮೇಲೆ ವರ್ಷಗಟ್ಟಲೆ ನಿಗಾ ಇಡಬೇಕು. ರಕ್ತದೊತ್ತಡ ಅಳೆಯಬೇಕು, ಊಟ-ತಿಂಡಿ ವಿಚಾರಿಸಬೇಕು, ನಿದ್ರೆ ಹೇಗಿದೆ ಎಂದು ಕೇಳಬೇಕು. ಇದೇ ಪ್ರಶ್ನೆಗಳನ್ನು ಆ ವಿದ್ಯಾರ್ಥಿಗೆ ಕೇಳುವವರು ಯಾರು?

ತಡವಾಗಿಯಾದರೂ ಒಮ್ಮೆ ಕೇಳಲಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಾಧ್ಯಾಪಕ ಡಾ. ಬಿ.ಎಂ. ಸುರೇಶ್ ಅವರ ಅಧ್ಯಕ್ಷತೆಯಲ್ಲಿ ರಚಿಸಿದ ರಾಷ್ಟ್ರೀಯ ಕಾರ್ಯಪಡೆ 2024ರಲ್ಲಿ ವರದಿ ಸಲ್ಲಿಸಿತು. 25,590 ಪದವಿ ವಿದ್ಯಾರ್ಥಿಗಳು ಹಾಗೂ 5,337 ಸ್ನಾತಕೋತ್ತರ ವಿದ್ಯಾರ್ಥಿಗಳು ಅದರ ಸಮೀಕ್ಷೆಗೆ ಉತ್ತರಿಸಿದ್ದರು. ತಮಗೆ ಮಾನಸಿಕ ಕಾಯಿಲೆ ಪತ್ತೆಯಾಗಿದೆ ಎಂದು ಹೇಳಿಕೊಂಡ ಪದವಿ ವಿದ್ಯಾರ್ಥಿಗಳ ಪ್ರಮಾಣ ಶೇ 27.8. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಅದು ಶೇ 15.3. ಆದರೆ ಹಿಂದಿನ ಒಂದು ವರ್ಷದಲ್ಲಿ ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದವರ ಲೆಕ್ಕ ತಲೆಕೆಳಗಾಗಿದೆ: ಪದವಿ ಹಂತದಲ್ಲಿ ಶೇ 16.2, ಸ್ನಾತಕೋತ್ತರ ಹಂತದಲ್ಲಿ ಶೇ 31.2.

ಈ ವೈರುಧ್ಯವೇ ವರದಿಯ ತಿರುಳು ಎನ್ನಬಹುದು. ಹಿರಿಯ ಹಂತಕ್ಕೆ ಹೋದಂತೆ ಸಂಕಟ ಹೆಚ್ಚುತ್ತದೆ, ರೋಗನಿರ್ಣಯ ಮಾಡಿಸಿಕೊಂಡವರು ಕಡಿಮೆಯಾಗುತ್ತಾರೆ. ಸ್ವಯಂಪ್ರೇರಿತವಾಗಿ ಉತ್ತರಿಸಿದವರ ಸಮೀಕ್ಷೆಯಾದ್ದರಿಂದ ಅಂಕಿಗಳನ್ನು ಎಚ್ಚರದಿಂದ ನೋಡಬೇಕೆಂಬುದು ನಿಜ. ಆದರೂ ವೈದ್ಯಕೀಯ ಜ್ಞಾನ ಹೆಚ್ಚಾದಷ್ಟೂ ಚಿಕಿತ್ಸೆಯ ಬಾಗಿಲು ದೂರವಾಗುತ್ತಿದೆಯೆಂಬ ಸೂಚನೆಯನ್ನು ತಳ್ಳಿಹಾಕುವಂತಿಲ್ಲ. ಇದು ಭಾರತಕ್ಕೆ ಮಾತ್ರ ಸೀಮಿತವಲ್ಲ. 43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇ 27.2 ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿವೆಯೆಂದು ಕಂಡುಕೊಂಡಿತು. ಅಂಥವರಲ್ಲಿ ಚಿಕಿತ್ಸೆ ಪಡೆದವರು ಶೇ 15.7 ಮಾತ್ರ.

ಕಮಲಾಪುರದಿಂದ ಕಾಲೇಜಿಗೆ

ಕಲಬುರಗಿಯ ಮಟ್ಟಿಗೆ ಈ ವಿಷಯ ದೂರದ ದೆಹಲಿಯ ವರದಿಯಾಗಿ ಉಳಿಯುವಂಥದ್ದಲ್ಲ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, 2000ದಲ್ಲಿ ಬಂದ ಖಾಜಾ ಬಂದಾನವಾಜ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಆನಂತರದ ದಶಕದಲ್ಲಿ ತಲೆಯೆತ್ತಿದ ಸರ್ಕಾರಿ ಜಿಮ್ಸ್ ಮತ್ತು ಇ.ಎಸ್.ಐ.ಸಿ. ವೈದ್ಯಕೀಯ ಕಾಲೇಜು, ಹೀಗೆ ನಾಲ್ಕು ಕಾಲೇಜುಗಳು ಈ ಒಂದೇ ನಗರದಲ್ಲಿವೆ.

ಸಂವಿಧಾನದ 371(ಜೆ) ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸರ್ಕಾರಕ್ಕೆ ಲಭ್ಯವಾಗುವ ಸೀಟುಗಳ ಪೈಕಿ ಶೇ 70ರಷ್ಟು ಈ ಭಾಗದವರಿಗೇ ಮೀಸಲು. ಹುಮನಾಬಾದ್ ರಸ್ತೆಯಲ್ಲಿ ನಗರದಿಂದ ಸುಮಾರು 35 ಕಿ.ಮೀ. ದೂರದಲ್ಲಿರುವ, ಕೆಂಬಾಳೆಗೆ ಹೆಸರಾದ, 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರದಂಥ ಊರುಗಳ ಮಕ್ಕಳಿಗೂ ಬಿಳಿ ಕೋಟು ಎಟುಕುವಂತಾದದ್ದು ಈ ಬದಲಾವಣೆಯಿಂದ. ಇದು ಸಣ್ಣ ಸಾಧನೆಯಲ್ಲ. ಆದರೆ ಸೀಟು ದೊರೆತ ಮರುದಿನದಿಂದ ಎದುರಾಗುವ ಕಷ್ಟದ ಬಗ್ಗೆ ಚರ್ಚೆ ಅಪರೂಪ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದು. ಅಂಗರಚನಾಶಾಸ್ತ್ರದ ಮೊದಲ ಪಾಠ ಮಾತ್ರ ಇಂಗ್ಲಿಷಿನಲ್ಲೇ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಶಾಲೆಗೇ ಮೊದಲಿಗನಾಗಿದ್ದ ಹುಡುಗ ಇಲ್ಲಿ ತರಗತಿಯ ಹಿಂದಿನ ಸಾಲಿಗೆ ಸರಿಯುತ್ತಾನೆ. ಊರಿನಲ್ಲಿ ಆತ ಆಗಲೇ 'ಡಾಕ್ಟರ್ ಸಾಹೇಬ'. ಮೊದಲ ಆಂತರಿಕ ಪರೀಕ್ಷೆಯಲ್ಲಿ ನಪಾಸಾದ ಸಂಗತಿಯನ್ನು ಫೋನಿನಲ್ಲಿ ಅಪ್ಪನಿಗೆ ಹೇಳುವುದಾದರೂ ಹೇಗೆ?

ಇಂಥ ಪರಿಸ್ಥಿತಿಯಲ್ಲಿ ಅಭ್ಯಾಸಗಳು ಕೆಡುವುದಕ್ಕೆ ದೊಡ್ಡ ಕಾರಣ ಹುಡುಕಬೇಕಾಗಿಲ್ಲ. ಮೊದಲು ಹೋಗುವುದು ನಿದ್ರೆ. ಓದು ಮುಗಿಯದ್ದರಿಂದ ರಾತ್ರಿ ಉದ್ದವಾಗುತ್ತದೆ, ನಿದ್ರೆಯಿಲ್ಲದ್ದರಿಂದ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ನಿಲ್ಲದ್ದರಿಂದ ಮರುರಾತ್ರಿ ಇನ್ನಷ್ಟು ಎಚ್ಚರ. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿಯ ಊಟ ಉಂಡು ಬೆಳೆದವರು ಬೆಳಗಿನ ತರಗತಿಯ ಗಡಿಬಿಡಿಯಲ್ಲಿ ಉಪಾಹಾರ ಬಿಡುತ್ತಾರೆ; ರಾತ್ರಿ ಮೆಸ್ ಮುಚ್ಚಿದ ಮೇಲೆ ಗಾಡಿಯ ಎಗ್‌ರೈಸ್, ಮಿರ್ಚಿ ಭಜಿ, ಮೇಲೊಂದು ಚಹಾ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲೂರಿನಲ್ಲಿ ಸಂಜೆಯ ಆಟಕ್ಕೆ ಮೈದಾನಕ್ಕಿಳಿಯುವುದೂ ಸುಲಭವಲ್ಲ. ಪೌಷ್ಟಿಕ ಆಹಾರದ ಅಧ್ಯಾಯ ಇವರಿಗೆ ಬಾಯಿಪಾಠವಾಗಿರುತ್ತದೆ. ತಿಳಿವಳಿಕೆಯ ಕೊರತೆ ಇಲ್ಲಿನ ಸಮಸ್ಯೆಯೇ ಅಲ್ಲ. ಆದ್ದರಿಂದ ವರ್ಷಕ್ಕೊಂದು ಯೋಗ ದಿನಾಚರಣೆ, ಒತ್ತಡ ನಿರ್ವಹಣೆಯ ಒಂದು ಉಪನ್ಯಾಸ, ಕೊನೆಗೆ ಒಂದು ಗುಂಪು ಛಾಯಾಚಿತ್ರ, ಇಷ್ಟರಿಂದ ಹೆಚ್ಚೇನೂ ಆಗದು.

ಹೌಸ್‌ಸರ್ಜನ್ ಹಂತದ್ದು ಇನ್ನೊಂದು ಬಗೆ. 52 ವಾರಗಳ ತರಬೇತಿಯಲ್ಲಿ ವಾರ್ಡು, ಕ್ಯಾಶುಯಾಲಿಟಿ, ಗ್ರಾಮೀಣ ಕೇಂದ್ರಗಳ ಕೆಲಸ ಒಂದೆಡೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಸಿದ್ಧತೆ ಇನ್ನೊಂದೆಡೆ. ಆ ವರ್ಷದಲ್ಲಿ ಮನೋವೈದ್ಯಕೀಯ ವಿಭಾಗಕ್ಕೆ ಮೀಸಲಿರುವುದು 2 ವಾರ.

74 ಗಂಟೆಯ 'ಸುಧಾರಣೆ'

ಸ್ನಾತಕೋತ್ತರ ವಿದ್ಯಾರ್ಥಿ ಕಾಗದದ ಮೇಲೆ ವಿದ್ಯಾರ್ಥಿ, ವಾಸ್ತವದಲ್ಲಿ ಆಸ್ಪತ್ರೆಯ ಬೆನ್ನೆಲುಬು. ಕಾರ್ಯಪಡೆಯ ಸಮೀಕ್ಷೆಯಲ್ಲಿ ಶೇ 45ರಷ್ಟು ಮಂದಿ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಯುವುದಾಗಿ ಹೇಳಿದರು. ವಾರದ ರಜೆ ಸಿಗುವುದಿಲ್ಲ ಎಂದವರು ಅರ್ಧಕ್ಕಿಂತ ಅಧಿಕ. ಕಾರ್ಯಪಡೆ ಸೂಚಿಸಿದ ಮಿತಿ ವಾರಕ್ಕೆ 74 ಗಂಟೆ, ಜತೆಗೆ ಒಂದು ದಿನದ ರಜೆ ಹಾಗೂ ದಿನಕ್ಕೆ 7ರಿಂದ 8 ಗಂಟೆ ನಿದ್ರೆ. ಆರು ದಿನಕ್ಕೆ ಹಂಚಿದರೆ ದಿನವೊಂದಕ್ಕೆ 12 ಗಂಟೆ ಮೀರುವ ಈ ಲೆಕ್ಕವನ್ನೇ ಸುಧಾರಣೆ ಎನ್ನಬೇಕಾಗಿ ಬಂದಿರುವುದು ಪರಿಸ್ಥಿತಿ ಎಲ್ಲಿಗೆ ಮುಟ್ಟಿದೆ ಎಂಬುದನ್ನು ಹೇಳುತ್ತದೆ. ಕೇಂದ್ರದ 1992ರ ರೆಸಿಡೆನ್ಸಿ ಆದೇಶ ಹೇಳಿದ್ದು ವಾರಕ್ಕೆ 48 ಗಂಟೆ. ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಗಂಟೆಯ ಸಂಖ್ಯೆಯೇ ಇಲ್ಲ. 'ಸಮಂಜಸ' ಅವಧಿ ಎಂಬ ಪದವಿದೆ. ಯಾವುದು ಸಮಂಜಸ ಎಂಬುದನ್ನು ವಿಭಾಗದ ಮುಖ್ಯಸ್ಥರು ತೀರ್ಮಾನಿಸುತ್ತಾರೆ.

ಸಾಲದ್ದಕ್ಕೆ ಹಣದ ಚಿಂತೆ. ಕಲಬುರಗಿಯ ಖಾಸಗಿ ಕಾಲೇಜೊಂದರ ಸ್ನಾತಕೋತ್ತರ ವಿದ್ಯಾರ್ಥಿಗಳ ಶಿಷ್ಯವೇತನ ದುರ್ಬಳಕೆಯಾಗಿದೆ ಎಂಬ ಆರೋಪ 2024ರಲ್ಲಿ ಜಾರಿ ನಿರ್ದೇಶನಾಲಯದ ತನಿಖೆಯವರೆಗೆ ಹೋಯಿತು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯ ನಿರ್ಧರಿಸಲಿದೆ. ಆದರೆ ಮೂವತ್ತರ ಹೊಸ್ತಿಲಲ್ಲಿರುವ, ಕೆಲವೊಮ್ಮೆ ಸಂಸಾರಸ್ಥರೂ ಆಗಿರುವ ವೈದ್ಯರಿಗೆ ಶಿಷ್ಯವೇತನವೆಂದರೆ ಪಾಕೆಟ್ ಖರ್ಚಲ್ಲ, ಮನೆಯ ಅಕ್ಕಿ-ಬೇಳೆ. ಸಾಕೆನಿಸಿ ಹೊರಟರೆ ಸೀಟು ತೊರೆದ ದಂಡದ ಬಾಂಡ್ ಅಡ್ಡ ಬರುತ್ತದೆ. ಇದನ್ನು ಕೈಬಿಡುವಂತೆ ಆಯೋಗವೇ 2024ರ ಜನವರಿಯಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು.

ಗುರುವೇ ವೈದ್ಯನಾದಾಗ

ಇಷ್ಟೆಲ್ಲ ಇದ್ದೂ ಪಕ್ಕದ ಕಟ್ಟಡದಲ್ಲೇ ಇರುವ ಮನೋವೈದ್ಯರ ಬಳಿ ವಿದ್ಯಾರ್ಥಿಗಳು ಏಕೆ ಹೋಗುವುದಿಲ್ಲ? ಉತ್ತರ ಸರಳ. ಆ ಮನೋವೈದ್ಯರು ಅವರ ಪ್ರಾಧ್ಯಾಪಕರು. ಹೊರರೋಗಿ ಚೀಟಿ ಬರೆಯುವಾತ ಗುರುತಿನವ, ಬಾಗಿಲ ಬಳಿ ನಿಂತವ ಸಹಪಾಠಿ, ಔಷಧ ಕೊಡುವಾಕೆ ಬಲ್ಲವಳು. ನಾಳೆ ಮೌಖಿಕ ಪರೀಕ್ಷೆಯಲ್ಲಿ ಎದುರು ಕೂರುವವರ ಮುಂದೆ ಇಂದು ಕಣ್ಣೀರು ಹಾಕಲು ಯಾರು ತಾನೇ ಸಿದ್ಧರಿರುತ್ತಾರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರುತ್ತದೆ. ಒಂದೇ ಆವರಣದಲ್ಲಿ ಉಂಡು, ಮಲಗಿ, ಓದಿ, ದುಡಿಯುವವರಿಗೆ ಆ ಹಕ್ಕು ಕೈಗೆಟುಕುವುದು ಕಷ್ಟ.

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ತೀರ್ಪಿನಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ಹೊಂದಿರಬೇಕೆಂದು ಹೇಳಿದೆ. ವೈದ್ಯಕೀಯ ಕಾಲೇಜುಗಳು ಇದನ್ನು ತಮ್ಮದೇ ವಿಭಾಗದ ಅಧ್ಯಾಪಕರೊಬ್ಬರ ಹೆಸರು ಬರೆದು ಪೂರೈಸಿಬಿಡುವ ಅಪಾಯವಿದೆ. ಹಾಗಾದರೆ ಆದೇಶ ಪಾಲನೆಯಾದೀತು, ಕೊಠಡಿ ಖಾಲಿ ಉಳಿದೀತು.

ಇಲ್ಲಿ ಕಲಬುರಗಿಗೆ ಒಂದು ಅನುಕೂಲವಿದೆ. ನಾಲ್ಕು ಕಾಲೇಜುಗಳು ಒಂದೇ ಊರಿನಲ್ಲಿರುವುದರಿಂದ ಒಂದರ ವಿದ್ಯಾರ್ಥಿಗೆ ಇನ್ನೊಂದರ ಮನೋವೈದ್ಯರು ಚಿಕಿತ್ಸೆ ನೀಡುವ ಒಡಂಬಡಿಕೆ ಕಷ್ಟವೇನಲ್ಲ. ಅಂಕ ಹಾಕುವ ಕೈ ಬೇರೆ, ನಾಡಿ ಹಿಡಿಯುವ ಕೈ ಬೇರೆ ಆಗುತ್ತದೆ. ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಸಂಜೆಯ ಎರಡು ಗಂಟೆ, ಕಾಲೇಜಿನ ಹೆಸರಿಲ್ಲದ ಚೀಟಿ, ಹಾಜರಾತಿಗೆ ತೊಡಕಾಗದ ವ್ಯವಸ್ಥೆ ಸಾಕು. ಮಾನಸಿಕ ಆರೋಗ್ಯ ಸೇವೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಒಯ್ಯಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ಇದೇ ಭಾಗದ ಬಳ್ಳಾರಿ ಜಿಲ್ಲೆ. ನಿಮ್ಹಾನ್ಸ್ ನೆರವಿನ ಆ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಳ್ಳಿಯ ರೋಗಿಯ ಬಳಿಗೆ ಹೋದ ಸೇವೆ ಹಾಸ್ಟೆಲಿನ ಕೋಣೆಗೂ ಬರಲು ಅಡ್ಡಿಯಿರುವುದು ಹಣದ್ದಲ್ಲ, ಮುಜುಗರದ್ದು.

ಅಲ್ಲಿಯವರೆಗೆ ಲಭ್ಯವಿರುವ ದಾರಿ ದೂರವಾಣಿಯದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕರೆ ಸ್ವೀಕರಿಸುವವರು ಯಾವ ವಿದ್ಯಾರ್ಥಿಯ ಪರೀಕ್ಷಕರೂ ಅಲ್ಲ.