ನೊಗ ಹೊತ್ತ ಬಸವಣ್ಣ

ಕನ್ನಡ ನಾಡಿನ ರೈತನು ತನ್ನ ಎತ್ತನ್ನು 'ಬಸವಣ್ಣ'ನೆಂದು ಕರೆಯುವನು. ಕಾರಹುಣ್ಣಿಮೆಯಂದು ಅದರ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಯಿಸುವನು. ಹದಿನೈದು ದಿನ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತಿಗೂ ಪೂಜೆ ಸಲ್ಲುವುದು. ಈ ಕೃತಜ್ಞತೆ ಸುಸಂಸ್ಕೃತಿಯ ಲಕ್ಷಣವೆಂಬುದು ನಿರ್ವಿವಾದ. ಆದರೆ ವರ್ಷದ ಎರಡು ದಿನಗಳ ಪೂಜೆಯು ಉಳಿದ ದಿನಗಳ ನಡತೆಗೆ ಪ್ರಾಯಶ್ಚಿತ್ತವಾಗಬಲ್ಲುದೇ ಎಂಬುದು ವಿಚಾರಣೀಯ.

ಕಬ್ಬು ನುರಿಸುವ ಹಂಗಾಮಿನಲ್ಲಿ ಉತ್ತರ ಕರ್ನಾಟಕದ ಹಾದಿಗಳಲ್ಲಿ ಬೆಟ್ಟದಂತೆ ಹೇರಿದ ಎತ್ತಿನ ಗಾಡಿಗಳು ಇಂದಿಗೂ ಕಾಣಸಿಗುತ್ತವೆ. ಇಳಿಜಾರಿನಲ್ಲಿ ಹೇರಿನ ಭಾರವೆಲ್ಲ ಹೆಗಲನ್ನು ಒತ್ತುತ್ತದೆ. ಒರಟು ನೊಗ ಉಜ್ಜಿ ಹೆಗಲು ಬಾತು ಹುಣ್ಣಾಗುತ್ತದೆ. ಮೆಲುಕು ಹಾಕಲು ಬಿಡುವಿಲ್ಲದ ಎತ್ತಿಗೆ ಮೇವಿದ್ದೂ ಉಪವಾಸ. ನೋವನ್ನು ನುಡಿಯಲಾರದ ಆ ಜೀವಕ್ಕೆ ಬಾರುಕೋಲೊಂದೇ ಉತ್ತರವಾಗುತ್ತದೆ.

ಈ ವಿಷಯದಲ್ಲಿ ಶಾಸನವು ಮೌನ ತಾಳಿಲ್ಲ. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ಧ್ವನಿಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆ ಬಂದಿತು. ಅದರ ಮೇರೆಗೆ 1965ರಲ್ಲಿ ರಚಿತವಾದ ನಿಯಮಗಳು, ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದವು. ಉಷ್ಣತೆ 37 ಡಿಗ್ರಿ ಸೆಲ್ಷಿಯಸ್ ಮೀರಿದೆಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದೆಂದವು. 1976ರ ತಿದ್ದುಪಡಿಯಿಂದ ಜೀವದಯೆಯು ಸಂವಿಧಾನದಲ್ಲಿ ನಾಗರಿಕನ ಮೂಲಭೂತ ಕರ್ತವ್ಯವಾಯಿತು. ಆದರೆ ಮಿತಿಮೀರಿ ಹೇರಿದವನ ಮೊದಲ ತಪ್ಪಿಗೆ ಆ ಕಾಯಿದೆ ಗೊತ್ತುಮಾಡಿದ ಪರಮಾವಧಿ ದಂಡ 50 ರೂಪಾಯಿ! ಭಯದಿಂದ ಆಗದ ಕಾರ್ಯವು ಮನಃಸಾಕ್ಷಿಯಿಂದಲೇ ಆಗಬೇಕು.

ಇಲ್ಲಿ ಗಾಡಿಕಾರನೊಬ್ಬನನ್ನೇ ಪಾಪಿಯೆನ್ನುವುದು ನ್ಯಾಯವಲ್ಲ. ಟನ್ನಿನ ಲೆಕ್ಕದಲ್ಲಿ ಕೂಲಿ ದೊರೆಯುವಾಗ ಮತ್ತೊಂದು ಹೊರೆ ಹೇರುವಂತೆ ಅವನ ಬಡತನವೇ ಅವನನ್ನು ಪ್ರೇರಿಸುತ್ತದೆ. ಕಡಮೆ ದರ ಗೊತ್ತುಮಾಡಿದವನು, ಸರಕು ಬೇಗ ಬರಲೆಂದು ಅವಸರಿಸಿದವನು, ಕಂಡೂ ಕಾಣದಂತೆ ಹಾದುಹೋದವನು, ಇವರೆಲ್ಲರ ಭಾರವೂ ಆ ನೊಗದ ಮೇಲಿದೆ.

ಪೂಜೆ ಸುಲಭ, ಅದಕ್ಕೆ ಹೂವು, ಹಣ್ಣು, ಒಂದು ದಿನ ಸಾಕು. ದಯೆ ದುಸ್ತರ; ಅದಕ್ಕಾಗಿ ಲಾಭದ ಒಂದು ಪಾಲನ್ನು ಬಿಟ್ಟುಕೊಡಬೇಕು. ಶಾಲೆಯಲ್ಲಿ ಜೀವದಯೆಯ ಪದ್ಯವನ್ನು ಒಪ್ಪಿಸುವ ಬಾಲಕನು ಮನೆಗೆ ಹೋಗಿ, ಎತ್ತಿನ ಹೆಗಲ ಹುಣ್ಣನ್ನು ಕಂಡು, 'ಅಪ್ಪಾ, ಇಂದು ಹೂಡುವುದು ಬೇಡ' ಎನ್ನಬಲ್ಲನಾದರೆ ಅವನು ಕಲಿತ ವಿದ್ಯೆ ಸಾರ್ಥಕ. ಹೂಡದ ಆ ದಿನದ ಕೂಲಿಯನ್ನು ತುಂಬಿಕೊಡಲು ಊರಿನ ಉಳ್ಳವರು ಮುಂದೆ ಬಂದರೆ ಅವರ ದಾನವೂ ಸಾರ್ಥಕ.