ಮಿಂಚುಹುಳುವಿಗೆ ನಾಯಕ ಬೇಡ, ಕತ್ತಲೆ ಬೇಕು

ಮಕ್ಕಳೇ, ಮುಂಗಾರು ಹತ್ತಿರವಾದ ರಾತ್ರಿಗಳಲ್ಲಿ ಪೊದೆಗಳ ಮೇಲೆ ಮಿಂಚುಹುಳುಗಳು ಮಿನುಗುವುದನ್ನು ನೀವು ನೋಡಿರಬಹುದು. ಕೆಲವು ಜಾತಿಯ ಹುಳುಗಳು ಗುಂಪುಗೂಡಿದಾಗ ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತವೆ. ಥಾಯ್ಲೆಂಡಿನ ನದೀತೀರದ ಮರಗಳಲ್ಲಿ ಈ ನೋಟ ಹೆಸರುವಾಸಿ. ತಮಿಳುನಾಡಿನ ಆನಮಲೈ ಹುಲಿ ಸಂರಕ್ಷಿತ ಪ್ರದೇಶದಲ್ಲೂ 2022ರಲ್ಲಿ ಇಂಥ ದೊಡ್ಡ ಸಮೂಹ ದಾಖಲಾಯಿತು.

ಇಷ್ಟೊಂದು ಹುಳುಗಳಿಗೆ ತಾಳ ಹಾಕುವವರು ಯಾರು? ಅವುಗಳಲ್ಲೊಂದು ನಾಯಕ ಹುಳು ಇರಬೇಕೆಂದು ಹಿಂದೆ ಕೆಲವರು ಊಹಿಸಿದ್ದರು. 1960ರ ದಶಕದಲ್ಲಿ ಜಾನ್ ಬಕ್ ಮತ್ತು ಎಲಿಜಬೆತ್ ಬಕ್ ಎಂಬ ಅಮೆರಿಕದ ವಿಜ್ಞಾನಿ ದಂಪತಿ ಬ್ಯಾಂಕಾಕಿನಲ್ಲಿ ತಾವು ಇಳಿದುಕೊಂಡಿದ್ದ ಹೋಟೆಲ್ ಕೋಣೆಯನ್ನು ಕತ್ತಲೆ ಮಾಡಿ ಮಿಂಚುಹುಳುಗಳನ್ನು ಬಿಟ್ಟರು. ಮೊದಲು ಅವು ತಮ್ಮಷ್ಟಕ್ಕೆ ತಾವು ಮಿನುಗಿದವು. ಬಳಿಕ ಎರಡೆರಡು, ಮೂರು ಮೂರು ಹುಳುಗಳು ಒಂದೇ ಲಯಕ್ಕೆ ಬಂದವು. ನಾಯಕ ಬೇಕಾಗಲೇ ಇಲ್ಲ! ಗಡಿಯಾರದ ಲೋಲಕದ ಹಾಗೆ ಪ್ರತಿ ಹುಳುವಿಗೂ ಒಂದು ಲಯವಿದೆ. ಆ ಥಾಯ್ ಹುಳು ಸುಮಾರು 0.56 ಸೆಕೆಂಡಿಗೊಮ್ಮೆ ಮಿನುಗುತ್ತದೆ. ನೆರೆಯ ಹುಳುವಿನ ಬೆಳಕು ಕಂಡಾಗ ತನ್ನ ಲಯವನ್ನು ತುಸು ಹಿಂದೆ ಮುಂದೆ ಮಾಡಿಕೊಳ್ಳುತ್ತದೆ.

ವಿಜ್ಞಾನಿಗಳು ಮಿನುಗುವ ಪುಟ್ಟ ದೀಪವಿಟ್ಟೂ ಪರೀಕ್ಷಿಸಿದ್ದಾರೆ. ದೀಪದ ಲಯ ಹುಳುವಿನ ಲಯಕ್ಕೆ ಹತ್ತಿರವಿದ್ದರೆ ಹುಳು ಅದರೊಡನೆ ಹೊಂದಿಕೊಳ್ಳುತ್ತದೆ. ತೀರಾ ವೇಗವಾದರೆ ಹೊಂದಿಕೊಳ್ಳಲಾರದು. ಕವಾಯತಿನಲ್ಲಿ ಡ್ರಮ್ಮಿನ ಬಡಿತ ತುಸು ವೇಗವಾದರೆ ನೀವು ಹೆಜ್ಜೆ ಹೊಂದಿಸುತ್ತೀರಿ. ಮಿತಿ ಮೀರಿದರೆ ಸಾಲು ಕೆಡುತ್ತದೆ, ಅಲ್ಲವೇ?

ಹೊರಗಿನ ಬೆಳಕು ಮಿಂಚುಹುಳುವಿನ ಬದುಕನ್ನು ಮುಟ್ಟುತ್ತದೆ ಎಂಬುದು ಇದರಿಂದ ಸ್ಪಷ್ಟ. ನೆರೆಯ ಹುಳುವನ್ನು ಕಾಣುವ ಅದೇ ಕಣ್ಣಿಗೆ ನಮ್ಮ ಅಂಗಳದ ಎಲ್‌ಇಡಿ ದೀಪವೂ ಬೀಳುತ್ತದೆ. ಮಿನುಗುವುದು ಅದಕ್ಕೆ ಆಟವಲ್ಲ. ಗಂಡು ಹೆಣ್ಣುಗಳು ಒಂದನ್ನೊಂದು ಗುರುತಿಸುವ ಸಂಕೇತ. ಪ್ರಖರ ಬೆಳಕಿದ್ದಲ್ಲಿ ಅನೇಕ ಜಾತಿಯ ಹುಳುಗಳು ಮಿನುಗುವುದನ್ನೇ ಕಡಿಮೆ ಮಾಡುತ್ತವೆ. ಸಂಕೇತ ಕಾಣದಿದ್ದರೆ ಜೋಡಿಯಿಲ್ಲ, ಮೊಟ್ಟೆಯಿಲ್ಲ, ಮುಂದೆ ಹುಳುವೂ ಇಲ್ಲ. ಆದ್ದರಿಂದ ಮಿಂಚುಹುಳುಗಳ ಕಾಲದಲ್ಲಿ ಬೇಡದ ದೀಪಗಳನ್ನು ಆರಿಸಬೇಕು ಎಂಬುದು ನನ್ನ ಅಭಿಪ್ರಾಯ.

ದೀಪವಿಲ್ಲದಿದ್ದರೆ ಹಾವು ಚೇಳು ಕಾಣುವುದು ಹೇಗೆ ಎಂದು ಮನೆಯಲ್ಲಿ ಕೇಳಬಹುದು. ಆ ಮಾತು ನ್ಯಾಯವೇ. ಓಡಾಡುವಾಗ ದೀಪ ಬೇಕು. ಎಲ್ಲರೂ ಮಲಗಿದ ಮೇಲೂ ಅದು ಉರಿಯಬೇಕಾಗಿಲ್ಲ. ದೀಪಕ್ಕೆ ಮೇಲಿನಿಂದ ಮರೆ ಮಾಡಿಸಿದರೆ ಬೆಳಕು ನೆಲಕ್ಕಷ್ಟೇ ಬೀಳುತ್ತದೆ, ಮರಕ್ಕೆ ಬೀಳುವುದಿಲ್ಲ.

ನನ್ನ ಮಾತನ್ನು ಹಾಗೆಯೇ ನಂಬಬೇಡಿ, ಪರೀಕ್ಷಿಸಿ. ದೊಡ್ಡವರನ್ನು ಜೊತೆಗೆ ಕರೆದುಕೊಳ್ಳಿ. ಒಂದು ರಾತ್ರಿ ಅಂಗಳದ ದೀಪ ಹಾಕಿ, ಮರುರಾತ್ರಿ ಆರಿಸಿ, ಅದೇ ಹೊತ್ತಿನಲ್ಲಿ ಅದೇ ಪೊದೆಯ ಮಿನುಗುಗಳನ್ನು ಹತ್ತು ನಿಮಿಷ ಎಣಿಸಿ. ಹಲವು ರಾತ್ರಿ ಹೀಗೆ ಮಾಡಿ ಪಟ್ಟಿ ಬರೆದಿಡಿ. ಹುಳುಗಳನ್ನು ಮಾತ್ರ ಸೀಸೆಗೆ ತುಂಬಬೇಡಿ. ನಿಮ್ಮ ಪಟ್ಟಿಯನ್ನು ಮನೆಯವರ ಮುಂದಿಟ್ಟು, ದೀಪದ ವಿಷಯವನ್ನು ಅವರೊಡನೆ ಚರ್ಚಿಸಿ.